ಅತ್ತೆಯ ಬಚ್ಚಲಿಗೆ ಪರವಾನಗಿ

ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಬಿದ್ದದ್ದು ನಾವು ದಿಲ್ಲಿಯ ದ್ವಾರಕಾದ ಮನೆಗೆ ಬಂದ ಎರಡನೆಯ ಚಳಿಗಾಲದಲ್ಲಿ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹಿಂದಕ್ಕೆ ತಿರುಗುವಾಗ ಸೀರೆಯ ಅಂಚು ಕಾಲಿಗೆ ಸಿಕ್ಕಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಎರಡು ತಿಂಗಳು ಮಲಗಿದ್ದು, ಆಮೇಲೆ ವಾಕರ್ ಹಿಡಿದು ಮನೆಯೊಳಗೆ ನಿಧಾನವಾಗಿ ಓಡಾಡುವಂತಾದರು. ಡಾಕ್ಟರು ಖುಷಿಪಟ್ಟರು. ಆದರೆ ಡಾಕ್ಟರು ನಮ್ಮ ಬಚ್ಚಲನ್ನು ನೋಡಿರಲಿಲ್ಲ.

ಆ ಬಚ್ಚಲಿನ ಬಾಗಿಲು ಎರಡು ಅಡಿ ಅಗಲವಿತ್ತು. ವಾಕರ್ ಅದರೊಳಗೆ ತೂರುತ್ತಿರಲಿಲ್ಲ. ಅದನ್ನು ಹೊರಗೆ ಬಿಟ್ಟು, ಅತ್ತೆಯ ಎರಡು ಕೈಗಳನ್ನೂ ನನ್ನ ಹೆಗಲ ಮೇಲೆ ಇಡಿಸಿಕೊಂಡು, ನಾನು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಅವರನ್ನು ಒಳಗೆ ಕರೆದುಕೊಳ್ಳಬೇಕಿತ್ತು. ಇಬ್ಬರು ಒಳಗೆ ನಿಂತರೆ ಬಾಗಿಲು ಹಾಕಲು ಜಾಗ ಉಳಿಯುತ್ತಿರಲಿಲ್ಲ. ಬಾಗಿಲು ತೆರೆಯುತ್ತಿದ್ದದ್ದು ನಾವೆಲ್ಲ ಕೂತು ಊಟ ಮಾಡುವ ಹಾಲಿಗೆ. ಒಂದು ಹಳೆಯ ಸೀರೆಯನ್ನು ಅಡ್ಡ ಕಟ್ಟಿದ್ದೆ. ಫ್ಯಾನು ಹಾಕಿದರೆ ಅದೂ ಹಾರುತ್ತಿತ್ತು.

ಅತ್ತೆ ಒಂದು ದಿನವೂ ದೂರಲಿಲ್ಲ. ಆದರೆ ನಾನು ಮೈ ತೊಳೆಸುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಮನೆಗೆ ಯಾರಾದರೂ ಬಂದು ಹಾಲಿನಲ್ಲಿ ಕೂತರೆ, ಅವರು ಎದ್ದು ಹೋಗುವವರೆಗೆ ತಡೆದುಕೊಂಡು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಎಂಬತ್ತು ವರ್ಷ ಯಾರ ಮುಂದೆಯೂ ಸೆರಗು ಜಾರಿಸದೆ ಬದುಕಿದ ಹೆಂಗಸು. ಅವರು ತಾವೇ ಒಳಗೆ ಹೋಗಿ, ತಾವೇ ಬಾಗಿಲು ಹಾಕಿಕೊಳ್ಳುವಂಥ ಒಂದು ಬಚ್ಚಲು ಆಗಬೇಕು. ಆಗ ನನಗೆ ಬೇಕಾಗಿದ್ದದ್ದು ಅದೊಂದೇ.

ಜಾಗ ಇತ್ತು. ನಮ್ಮದು ನೆಲಮಹಡಿ. ಅತ್ತೆಯ ಕೋಣೆಯ ಹಿಂದೆ ನಾಲ್ಕು ಗೋಡೆ ಇದ್ದು ಮೇಲೆ ಚಾವಣಿ ಇಲ್ಲದ ಒಂದು ಚಿಕ್ಕ ಹಿತ್ತಲು. ಬಟ್ಟೆ ಒಣಗಿಸುತ್ತಿದ್ದದ್ದು ಅಲ್ಲೇ. ಅದರ ಮೂಲೆಯಲ್ಲಿ ಒಂದು ಬಚ್ಚಲು ಧಾರಾಳವಾಗಿ ಹಿಡಿಸುತ್ತಿತ್ತು. ನಲ್ಲಿ ಕೆಲಸದ ಭಯ್ಯಾನನ್ನು ಕರೆದು ತೋರಿಸಿದೆ. ಅವನು, "ಎಂಟು ದಿನದಲ್ಲಿ ಕಟ್ಟಿಸಿಬಿಡ್ತೀನಿ ಮಾತಾಜಿ. ಪರವಾನಗಿ ಯಾಕೆ? ಇಡೀ ಗಲ್ಲಿಯಲ್ಲಿ ಯಾರು ತಗೊಂಡಿದ್ದಾರೆ?" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ವರ್ಷ ಟಿವಿ ಹಾಕಿದರೆ ದಿಲ್ಲಿಯಲ್ಲಿ ಅಲ್ಲಿ ಒಡೆದರು, ಇಲ್ಲಿ ಬೀಗ ಹಾಕಿದರು ಎಂದೇ ಸುದ್ದಿ. ಅತ್ತೆ ಒಳಗಿರುವಾಗ ಬುಲ್ಡೋಜರ್ ಬಂದು ನಿಂತರೆ ಏನು ಗತಿ ಎಂದು ನನಗೆ ಹೆದರಿಕೆ. ನಿಮ್ಮ ತಾತ ಬದುಕಿದ್ದರೂ ಕಾಗದವಿಲ್ಲದೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಅವರು ಜೀವನವೆಲ್ಲ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ನೋಡಿದವರು.

ಅವರಿದ್ದಾಗ ಹೊರಗಿನ ಮಾತೆಲ್ಲ ಅವರದೇ. ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷ ಇದ್ದರೂ ನನ್ನ ಹಿಂದಿ ತರಕಾರಿ ಗಾಡಿಯ ಮುಂದೆ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಯಾರಾದರೂ ಗಂಡಸರು ಹಿಂದಿಯಲ್ಲಿ ಏನು ಕೇಳಿದರೂ ನಾನು ಅನ್ನುತ್ತಿದ್ದದ್ದು "ಜೀ" ಎಂದು. ಮನೆ ಈಗ ನನ್ನ ಹೆಸರಿನಲ್ಲಿತ್ತು, ಅರ್ಜಿಯೂ ನನ್ನದೇ ಆಗಬೇಕಿತ್ತು. ನಿಮ್ಮ ಅಮ್ಮ ಆಗ ಲಕ್ಷ್ಮೀ ನಗರದ ಕೋಚಿಂಗಿಗೆ ಹೋಗುತ್ತಿದ್ದಳು. ಅವಳೇ ನಕ್ಷೆ ಬರೆಸಿದಳು, ಅರ್ಜಿ ಟೈಪು ಮಾಡಿಸಿದಳು, ನಾನು ಕೆಳಗೆ ಸಹಿ ಹಾಕಿದೆ. ಅದರ ಜೊತೆಗೆ ಮೇಲಿನ ಮೂರು ಮಹಡಿಯವರೂ ನಮ್ಮದು ಅಡ್ಡಿಯಿಲ್ಲ ಎಂದು ಬರೆದುಕೊಡಬೇಕಿತ್ತು.

ಎರಡನೆಯ ಮತ್ತು ಮೂರನೆಯ ಮಹಡಿಯವರು ನಿಂತಲ್ಲೇ ಸಹಿ ಹಾಕಿದರು. ಮೊದಲ ಮಹಡಿಯ ಪಂಜಾಬಿ ಹೆಂಗಸು ಮಾತ್ರ ನಿಮ್ಮ ಅಮ್ಮನಿಗೆ, "ನೀನಲ್ಲ, ನಿನ್ನ ಅಮ್ಮನನ್ನು ಕಳಿಸು" ಅಂದರಂತೆ. ಅವರನ್ನು ನಾವು ಭಾಭೀಜಿ ಎನ್ನುತ್ತಿದ್ದೆವು. ನನ್ನಷ್ಟೇ ವಯಸ್ಸು, ಆದರೆ ನನ್ನ ಹತ್ತರಷ್ಟು ಧ್ವನಿ. ಒಂದು ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

"ಬನ್ನಿ ಬೆಹನ್‌ಜಿ, ಬನ್ನಿ! ಎರಡು ವರ್ಷ ಕೆಳಗೇ ಇದ್ದಿರಿ, ಇವತ್ತು ಮೆಟ್ಟಿಲು ಎಲ್ಲಿದೆ ಅಂತ ಗೊತ್ತಾಯ್ತಾ?"

"ಜೀ," ಅಂದೆ.

"ನಿಮ್ಮ ಬಾತ್‌ರೂಮಿನ ಛತ್ತಿನ ಮೇಲೆ ಕಳ್ಳ ನಿಂತರೆ ನನ್ನ ಬಾಲ್ಕನಿಗೆ ಒಂದೇ ಹೆಜ್ಜೆ. ಕಳ್ಳನಿಗೆ ಮೆಟ್ಟಿಲು ಕಟ್ಟಿಕೊಡೋಕೆ ನಾನೇ ಸಹಿ ಹಾಕಬೇಕಾ? ನೀವೇ ಹೇಳಿ."

ಅದಕ್ಕೂ "ಜೀ" ಎಂದು, ಡಬ್ಬಿ ಕೊಟ್ಟು ಕೆಳಗೆ ಬಂದೆ.

ಸಂಜೆ ಅವರೇ ಡಬ್ಬಿ ವಾಪಸು ಕೊಡಲು ಬಂದರು. ಬಾಗಿಲು ತೆರೆದೇ ಇತ್ತು. ಆ ಹೊತ್ತಿಗೆ ಸರಿಯಾಗಿ ನಾನು ಅತ್ತೆಯನ್ನು ಹೆಗಲಿಗೆ ಆನಿಸಿಕೊಂಡು ಬಚ್ಚಲಿನಿಂದ ಹೊರಗೆ ತರುತ್ತಿದ್ದೆ. ಸೀರೆಯ ಪರದೆ ಒಂದು ಕಡೆ ಸರಿದಿತ್ತು. ಭಾಭೀಜಿ ತಟ್ಟನೆ ಗೋಡೆಯ ಕಡೆ ತಿರುಗಿ ನಿಂತರು. ನಾನು ಅತ್ತೆಯನ್ನು ಮಲಗಿಸಿ ಹೊದಿಸಿ ಬರುವವರೆಗೂ ಹಾಗೇ ನಿಂತಿದ್ದರು. ಆಮೇಲೆ, "ಕಾಗದ ಎಲ್ಲಿ?" ಅಂದರು. ಊಟದ ಮೇಜಿನ ಮೇಲಿಟ್ಟು ಸಹಿ ಹಾಕಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಛತ್ತು ಇಳಿಜಾರು ಮಾಡಿಸಿ. ಕಳ್ಳ ಜಾರಿ ಬೀಳಲಿ" ಅಂದರು.

ಅರ್ಜಿ ಕಟ್ಟಡ ಪರವಾನಗಿಯ ಕಚೇರಿಗೆ ಹೋಯಿತು. ಕಚೇರಿಯ ಜೂನಿಯರ್ ಎಂಜಿನಿಯರ್ ಬಂದು ಜಾಗ ನೋಡುತ್ತಾರೆ, ಆಮೇಲೆ ಪರವಾನಗಿ ಎಂದು ಹೇಳಿದರು. ಕಾಯುತ್ತ ಕೂತೆವು. ಬೇಸಿಗೆ ಏರಿತು. ಅತ್ತೆ ದಿನವೂ ಪಂಚಾಂಗ ತರಿಸಿಕೊಂಡು ಕನ್ನಡಕ ಏರಿಸಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಆಷಾಢಕ್ಕೆ ಇನ್ನು ಹತ್ತು ದಿನವೂ ಇಲ್ಲ ಕಣೇ. ಆಷಾಢ ಬಂದರೆ ಒಂದು ತಿಂಗಳು ಮಣ್ಣು ಮುಟ್ಟೋ ಹಾಗಿಲ್ಲ. ಗುರುವಾರ ಚೆನ್ನಾಗಿದೆ. ಗುದ್ದಲಿ ಪೂಜೆ ಮುಗಿಸಿಬಿಡು. ಕೆಲಸ ಯಾವಾಗಾದರೂ ಆಗಲಿ."

ನಿಮ್ಮ ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತಳು. "ಅಜ್ಜೀ, ಬಾತ್‌ರೂಮಿಗೆ ಪೂಜೇನಾ? ಸಚ್ಚಿ?"

"ಪೂಜೆ ಮಣ್ಣಿಗೆ, ಬಚ್ಚಲಿಗಲ್ಲ. ನೀನು ಕ್ಲಾಸಿಗೆ ಹೋಗು."

ಗುರುವಾರ ಬಚ್ಚಲು ಬರುವ ಜಾಗದ ಈಶಾನ್ಯ ಮೂಲೆಯಲ್ಲಿ ಎರಡು ಕಲ್ಲುಚಪ್ಪಡಿ ಎಬ್ಬಿಸಿದೆವು. ಆದರೆ ಗುದ್ದಲಿ ಹಿಡಿಯಲು ಮುತ್ತೈದೆಯ ಕೈ ಬೇಕು ಎಂದರು ಅತ್ತೆ. ಮನೆಯಲ್ಲಿ ಇದ್ದದ್ದು ಅತ್ತೆ, ನಾನು, ಮದುವೆಯಾಗದ ಹುಡುಗಿ. ನಾನು ಎರಡನೆಯ ಸಲ ಮೆಟ್ಟಿಲು ಹತ್ತಿದೆ. ಭಾಭೀಜಿಗೆ ನಮ್ಮ ಪದ್ಧತಿ ಅರ್ಥವಾಗಲಿಲ್ಲ, ಆದರೆ ಕರೆದದ್ದು ಸಂತೋಷವಾಯಿತು. ಒಳ್ಳೆಯ ಗುಲಾಬಿ ಬಣ್ಣದ ಸಲ್ವಾರ್ ಹಾಕಿಕೊಂಡು ಬಂದರು. ಅತ್ತೆ ಕುರ್ಚಿಯ ಮೇಲೆ ಕೂತು ಕನ್ನಡದಲ್ಲಿ ಹೇಳುವುದು, ನಾನು ನನ್ನ ಹಿಂದಿಯಲ್ಲಿ ಹೇಳುವುದು, ಅವರು ಮಾಡುವುದು. ಮೂರು ಸಲ ಗುದ್ದಲಿ ಹಾಕಿ ಒಂದು ಗೇಣು ಗುಂಡಿ ತೋಡಿದರು. ಐದು ಇಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಗುಂಡಿಯಲ್ಲಿಟ್ಟರು. ಹಾಲು ಹಾಕಿದರು. ಅವರಿಗೆ ನಾನು ರವಿಕೆ ಬಟ್ಟೆ, ತೆಂಗಿನಕಾಯಿ ಕೊಟ್ಟೆ. "ನಮ್ಮಲ್ಲಿ ಇಷ್ಟೆಲ್ಲ ಮದುವೆಗೆ ಮಾಡ್ತಾರೆ ಬೆಹನ್‌ಜಿ" ಎಂದು ನಗುತ್ತ ಮೇಲೆ ಹೋದರು.

ಮರುವಾರ, ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ ಇದ್ದಾಗ, ಜೂನಿಯರ್ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನವರು, ಮರ್ಯಾದೆಯ ಮನುಷ್ಯ. ನೀರು ಕೊಟ್ಟೆ, ಕುಡಿದರು. ಹಿತ್ತಲಿಗೆ ಹೋಗಿ ಟೇಪು ಬಿಚ್ಚಿದವರು ಗುಂಡಿ ನೋಡಿ ನಿಂತರು.

"ಮಾತಾಜಿ, ಕೆಲಸ ಶುರು ಮಾಡಿಬಿಟ್ಟಿದ್ದೀರಾ?"

"ಜೀ," ಅಂದೆ. ಈ ಸಲ ನಾಚಿಕೆಗೆ ಅಂದದ್ದಲ್ಲ, ನಿಜವೆಂದೇ ಅಂದದ್ದು. ನಮ್ಮ ಊರಿನಲ್ಲಿ ಗುದ್ದಲಿ ಪೂಜೆ ಆದ ದಿನವೇ ಕೆಲಸ ಶುರುವಾದ ದಿನ. ಆಮೇಲೆ ಒಂದು ವರ್ಷ ಇಟ್ಟಿಗೆ ಬರದಿದ್ದರೂ, ಮನೆ ಶುರು ಮಾಡಿದ್ದಾರೆ ಎಂದೇ ಎಲ್ಲರೂ ಹೇಳುತ್ತಾರೆ. ಅದಕ್ಕೇ ಇನ್ನೂ ಸ್ವಲ್ಪ ಸೇರಿಸಿ, "ಗುರುವಾರ. ಒಳ್ಳೆಯ ಮುಹೂರ್ತದಲ್ಲಿ" ಎಂದೂ ಹೇಳಿದೆ.

ಅವರು ನನ್ನ ಮುಖ ನೋಡಿದರು. ತಮ್ಮ ಕಾಗದದಲ್ಲಿ ಬರೆದುಕೊಂಡು ಹೋದರು. ಅವರು ಹೋದ ಮೇಲೆ ನಾನು ಅತ್ತೆಗೆ, "ಎಲ್ಲ ನೋಡಿಕೊಂಡು ಹೋದರು, ಇನ್ನೇನು ಆಗುತ್ತದೆ" ಅಂದೆ.

ಆರು ದಿನಕ್ಕೆ ಪತ್ರ ಬಂತು. ನಿಮ್ಮ ಅಮ್ಮ ಓದಿದಳು. ಪರವಾನಗಿ ಸಿಗುವ ಮೊದಲೇ ನಿರ್ಮಾಣ ಆರಂಭಿಸಿರುವುದಾಗಿ ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ, ಆದ್ದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ, ಹದಿನೈದು ದಿನದಲ್ಲಿ ಉತ್ತರ ಕೊಡಬೇಕು.

"ಅಮ್ಮಾ! ಯಾರು ಒಪ್ಪಿಕೊಂಡಿದ್ದು?"

"ನಾನೇ."

"ಹೇ ಭಗವಾನ್." ಅವಳು ಪತ್ರ ಮಡಿಸಿದಳು. "ಚಲೋ, ಒಂದು ಕೆಲಸ ಮಾಡೋಣ. ಗುಂಡಿ ಮುಚ್ಚಿ ಚಪ್ಪಡಿ ಹಾಕಿಬಿಡೋಣ. ಏನೂ ಇಲ್ಲ ಅಂತ ಬರೆಯೋಣ. ಬಂದು ನೋಡಿದರೆ ಏನೂ ಇರಲ್ಲ, ಬಸ್."

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಪೂಜೆ ಮಾಡಿದ ಗುಂಡಿ ಮುಚ್ಚಬಾರದು. ಅದರ ಮೇಲೆ ಕಟ್ಟಬೇಕು. ಮುಚ್ಚುವುದಾದರೆ ಮೊದಲು ನನ್ನನ್ನು ಊರಿಗೆ ಕಳಿಸಿ."

"ಅಜ್ಜೀ, ನಿಮಗೋಸ್ಕರವೇ ತಾನೆ ಇದೆಲ್ಲ?"

"ನನಗೋಸ್ಕರ ಆದದ್ದು ಕೆಡಬಾರದು ಅಂತಲೇ ಹೇಳ್ತಿದ್ದೀನಿ."

ಇಬ್ಬರೂ ನನ್ನ ಮಾತಿಗೆ ಕಾದರು. ಒಬ್ಬಳ ಮಾತು ಕೇಳಿದರೆ ಸುಳ್ಳು ಬರೆಯಬೇಕು, ಇನ್ನೊಬ್ಬರ ಮಾತು ಕೇಳಿದರೆ ಬಚ್ಚಲೇ ಇಲ್ಲ. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯುತ್ತ ಯೋಚಿಸಿದೆ. ತಪ್ಪು ಆಡಿದ್ದು ನನ್ನ ಬಾಯಿ. ಸರಿ ಮಾಡಬೇಕಾದ್ದೂ ಅದೇ ಬಾಯಿ ಅನ್ನಿಸಿತು.

ನಿಮ್ಮ ಅಮ್ಮನಿಗೆ ಆ ವಾರ ಪರೀಕ್ಷೆ. ಭಾಭೀಜಿ ತಾವೂ ಬರುತ್ತೇನೆ ಎಂದರು. "ನಾನು ಮಾತಾಡ್ತೀನಿ, ನೀವು ಅಳ್ತಾ ನಿಂತುಕೊಳ್ಳಿ" ಎಂದು ಯೋಜನೆ ಹಾಕಿದ್ದರು. ನನಗೆ ಎರಡೂ ಬೇಡವಾಗಿತ್ತು. ಅವರು ಗುರುದ್ವಾರಕ್ಕೆ ಹೋಗುವ ದಿನ ನೋಡಿ ಒಬ್ಬಳೇ ಹೊರಟೆ. ಹೊರಡುವ ಮುಂಚೆ ಅತ್ತೆಯನ್ನು ಕೇಳಿದೆ.

"ಒಂದು ಇಟ್ಟಿಗೆ ತೆಗೆದುಕೊಂಡು ಹೋಗಲೇ? ತೋರಿಸಿದರೆ ನಂಬುತ್ತಾರೆ."

ಅವರು ಯೋಚಿಸಿದರು. "ತಗೊಂಡು ಹೋಗು. ತಂದು ಅದೇ ಜಾಗಕ್ಕೆ ಇಡು. ಕುಂಕುಮದ ಕಡೆ ಮೇಲಿರಲಿ."

ಕಚೇರಿಯ ಗೇಟಿನಲ್ಲಿ ಪಹರೆಯವನು ಚೀಲ ತೆರೆಯಿಸಿದ. ಒಳಗೆ ಫೈಲು, ನೀರಿನ ಬಾಟಲಿ, ಒಂದು ಇಟ್ಟಿಗೆ.

"ಮಾತಾಜಿ! ಯಾರ ತಲೆ ಒಡೀಬೇಕು?"

ಪಕ್ಕದಲ್ಲಿ ಸಾಲಾಗಿ ನಿಂತಿದ್ದವರು ನಕ್ಕರು. ನನಗೆ ವಾಪಸು ಓಡಿಬಿಡೋಣ ಅನ್ನಿಸಿತು. "ಪೂಜಾ ಕಾ ಹೈ" ಎಂದಷ್ಟೇ ಹೇಳಲಾಯಿತು. ಅವನು ತಿರುಗಿಸಿ ಕುಂಕುಮ ನೋಡಿದ. ನಗು ನಿಲ್ಲಿಸಿ, ಎರಡು ಕೈಯಲ್ಲಿ ಹಿಡಿದು ತನ್ನ ಮೇಜಿನ ಮೇಲೆ ರಿಜಿಸ್ಟರಿನ ಪಕ್ಕ ಇಟ್ಟ. "ಒಳಗೆ ಬಿಡೋ ಹಾಗಿಲ್ಲ. ಇಲ್ಲೇ ಇರಲಿ, ಯಾರೂ ಮುಟ್ಟಲ್ಲ. ಹೋಗಿ ಬನ್ನಿ."

ನಾನು ನೆಚ್ಚಿಕೊಂಡು ಬಂದದ್ದೇ ಆ ಇಟ್ಟಿಗೆಯನ್ನು. ಅದನ್ನು ಮೇಜಿನ ಮೇಲಿಟ್ಟರೆ ಮಾತು ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಬರಿಗೈಯಲ್ಲಿ ಎರಡನೆಯ ಮಹಡಿಗೆ ಹೋದೆ. ಬೆಂಚಿನ ಮೇಲೆ ಎರಡು ಗಂಟೆ ಕೂತ ಮೇಲೆ ಒಳಗೆ ಕರೆದರು. ಅಧಿಕಾರಿ ನಿವೃತ್ತಿಗೆ ಹತ್ತಿರದವರು, ಕೂದಲು ಪೂರ್ತಿ ಬೆಳ್ಳಗೆ. ಫೈಲು ತೆರೆದು ಓದಿ, ನಮ್ಮ ಮನೆಗೆ ಬಂದಿದ್ದ ಜೂನಿಯರ್ ಎಂಜಿನಿಯರನ್ನೂ ಕರೆಸಿದರು.

"ಇಲ್ಲಿ ನೀವೇ ಹೇಳಿದ್ದೀರಿ, ಕೆಲಸ ಶುರುವಾಗಿದೆ ಅಂತ."

"ಜೀ. ನಮ್ಮಲ್ಲಿ ಪೂಜೆ ಆದರೆ ಶುರು ಅಂತಾರೆ. ಕೆಲಸ ಆಗಿಲ್ಲ."

"ಮತ್ತೆ ಶುರುವಾಗಿದ್ದು ಏನು?"

ನನ್ನ ಹಿಂದಿಯಲ್ಲಿ ಅದಕ್ಕೆ ಶಬ್ದ ಹುಡುಕಿದೆ. "ಒಳ್ಳೆಯ ದಿನ ಇತ್ತು. ಆಮೇಲೆ ಒಂದು ತಿಂಗಳು ಇರುವುದಿಲ್ಲ. ಅದಕ್ಕೆ ದಿನ ಹಿಡಿದು ಇಟ್ಟುಕೊಂಡಿದ್ದೇವೆ. ಕೆಲಸ ನೀವು ಹೇಳಿದ ಮೇಲೆ."

ಅಧಿಕಾರಿ ಕನ್ನಡಕ ತೆಗೆದರು. "ಅಚ್ಛಾ. ಅಂದರೆ ರಿಸರ್ವೇಶನ್ ಆಗಿದೆ, ಗಾಡಿ ಇನ್ನೂ ಹೊರಟಿಲ್ಲ."

"ಜೀ, ಜೀ," ಅಂದೆ. ಜೂನಿಯರ್ ಎಂಜಿನಿಯರ್ ನಗು ತಡೆದುಕೊಂಡರು.

"ಸರಿ. ಆದರೆ ನಿಯಮ ನಿಯಮವೇ. ಗುಂಡಿ ಮುಚ್ಚಿಸಿ, ನಾವು ಮತ್ತೆ ನೋಡುತ್ತೇವೆ."

"ಅದು ಆಗುವುದಿಲ್ಲ," ಅಂದೆ.

ನಾನು ಒಬ್ಬ ಅಧಿಕಾರಿಗೆ ಹಾಗೆ ಹೇಳಿದೆನೆಂದು ನನಗೇ ನಂಬಿಕೆ ಬರಲಿಲ್ಲ. ಅವರು ಹುಬ್ಬೇರಿಸಿದರು. ಇನ್ನು ಹೇಳದೆ ದಾರಿಯಿರಲಿಲ್ಲ. ಬರೆದುಕೊಟ್ಟ ಅರ್ಜಿಯಲ್ಲಿ 'ವೃದ್ಧೆಯ ಅನುಕೂಲಕ್ಕಾಗಿ' ಎಂದಷ್ಟೇ ಇತ್ತು. ಉಳಿದದ್ದನ್ನು ಗಂಡಸರ ಮುಂದೆ ಹೇಳುವುದು ಹೇಗೆ ಎಂದು ನಾನೇ ಬರೆಸಿರಲಿಲ್ಲ. ಮೇಜಿನ ಅಂಚು ನೋಡುತ್ತ ಹೇಳಿದೆ. ಅತ್ತೆಗೆ ಸೊಂಟ ಮುರಿದಿದೆ. ವಾಕರ್ ಒಳಗೆ ಹೋಗುವುದಿಲ್ಲ. ನಾನು ಒಳಗೆ ಹೋಗಬೇಕು. ಬಾಗಿಲು ಹಾಕಲು ಬರುವುದಿಲ್ಲ. ಯಾರಾದರೂ ಮನೆಗೆ ಬಂದರೆ ಅವರು ತಡೆದುಕೊಂಡು ಮಲಗಿರುತ್ತಾರೆ. ಗುಂಡಿ ಮುಚ್ಚಿದರೆ ಅಪಶಕುನ ಎಂದು ಅವರು ಹೊಸ ಬಚ್ಚಲಿಗೆ ಕಾಲೇ ಇಡುವುದಿಲ್ಲ. ಆಗ ಪರವಾನಗಿ ತೆಗೆದುಕೊಂಡು ನಾನೇನು ಮಾಡಲಿ?

ಎಷ್ಟು ವ್ಯಾಕರಣ ತಪ್ಪಿತೋ ಗೊತ್ತಿಲ್ಲ. ಯಾರೂ ನಗಲಿಲ್ಲ.

ಅಧಿಕಾರಿ ಜೂನಿಯರ್ ಎಂಜಿನಿಯರ್ ಕಡೆ ತಿರುಗಿದರು. "ಗುಂಡಿ ಎಷ್ಟು ಆಳ?"

"ಅಳೆದಿಲ್ಲ ಸರ್."

"ಅಳೆಯಿರಿ. ಶುರುವಾಗಿದೆ, ಆಗಿಲ್ಲ ಅಂತ ಬರೆಯಬೇಡಿ. ಏನು ಇದೆಯೋ ಅದನ್ನು ಬರೆಯಿರಿ." ಆಮೇಲೆ ನನಗೆ, "ಪರವಾನಗಿ ಬರುವವರೆಗೆ ಅದರ ಮೇಲೆ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ ಎಂದು ಬರೆದುಕೊಡಿ" ಅಂದರು. ಅಲ್ಲೇ ಬರೆಸಿಕೊಟ್ಟೆ. ಒಬ್ಬ ಗುಮಾಸ್ತರು ಹಿಂದಿಯಲ್ಲಿ ಬರೆದರು, ನಾನು ಸಹಿ ಮಾಡಿದೆ. ಗೇಟಿನಲ್ಲಿ ಇಟ್ಟಿಗೆ ಹಾಗೇ ಇತ್ತು. ಪಹರೆಯವನು ಅದರ ಮೇಲೆ ಒಂದು ಕಾಗದ ಮುಚ್ಚಿದ್ದ, ಧೂಳು ಬೀಳದ ಹಾಗೆ.

ಮೂರು ದಿನಕ್ಕೆ ಜೂನಿಯರ್ ಎಂಜಿನಿಯರ್ ಮತ್ತೆ ಬಂದರು. ಈ ಸಲ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋದರು. ಗುಂಡಿಯ ಆಳ, ಅಗಲ ಅಳೆದರು, ಇಟ್ಟಿಗೆ ಎಣಿಸಿದರು. ಬರೆದದ್ದನ್ನು ತಾವೇ ಓದಿ ಹೇಳಿದರು. ಪೂಜೆಗಾಗಿ ತೋಡಿದ ಒಂದು ಗುಂಡಿ, ಒಂಬತ್ತು ಅಂಗುಲ, ಅದರಲ್ಲಿ ಐದು ಬಿಡಿ ಇಟ್ಟಿಗೆ, ಗಾರೆ ಇಲ್ಲ. ಅತ್ತೆ ಕೋಣೆಯ ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಕೇಳಿಸಿಕೊಂಡರು. "ಅರಿಶಿನ ಕುಂಕುಮ ಬರೆದರೇನು?" ಎಂದು ನನ್ನನ್ನು ಕೇಳಿದರು. ಹೂಂ ಎಂದುಬಿಟ್ಟೆ. ಆ ಒಂದು ಸುಳ್ಳು ನನ್ನ ಲೆಕ್ಕಕ್ಕೆ ಇರಲಿ.

ಪರವಾನಗಿ ಬಂದದ್ದು ಆಷಾಢದ ನಡುವೆ. ನಿಮ್ಮ ಅಮ್ಮ ಲಕೋಟೆ ಒಡೆದು ಕುಣಿದಳು.

"ನೋಡಿದೆಯಾ?" ಅಂದರು ಅತ್ತೆ. "ಅವತ್ತು ಪೂಜೆ ಆಗದೆ ಇದ್ದಿದ್ದರೆ ಈಗ ಕಾಗದ ಇಟ್ಟುಕೊಂಡು ಶ್ರಾವಣದವರೆಗೆ ಕೂತಿರಬೇಕಿತ್ತು."

"ಅವತ್ತು ಪೂಜೆ ಆಗದೆ ಇದ್ದಿದ್ದರೆ ಕಾಗದ ಹೋದ ತಿಂಗಳೇ ಬರ್ತಿತ್ತು ಅಜ್ಜೀ!"

ಇಬ್ಬರ ಮಾತೂ ಸರಿಯಾಗಿತ್ತು. ನಾನು ಯಾರ ಕಡೆಯೂ ಸೇರದೆ ಮಿಸ್ತ್ರಿಯನ್ನು ಕರೆಯಲು ಹೋದೆ.

ಮೂರು ವಾರ ಕೆಲಸ ನಡೆಯಿತು. ಮೂರಡಿ ಅಗಲದ ಬಾಗಿಲು, ಹೊಸ್ತಿಲು ಇಲ್ಲ. ಗೋಡೆಗೆ ಎರಡು ಕಡೆ ಹಿಡಿದುಕೊಳ್ಳಲು ಕಂಬಿ, ಜಾರದ ಒರಟು ಟೈಲು. ಚಾವಣಿ ಇಳಿಜಾರಾಗಿಯೇ ಹಾಕಿಸಿದೆವು. ಭಾಭೀಜಿ ಬಾಲ್ಕನಿಯಿಂದ ಬಗ್ಗಿ ನೋಡಿ, ಇನ್ನೂ ಸ್ವಲ್ಪ ಇಳಿಜಾರು ಬೇಕು ಎಂದು ಮಿಸ್ತ್ರಿಯ ಜೊತೆ ಜಗಳವಾಡಿದರು.

ಸಿಮೆಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ಬಿಸಿನೀರು ತೋಡಿಟ್ಟೆ, ಕುರ್ಚಿ ಇಟ್ಟೆ, ಟವೆಲು ಕೈಗೆಟಕುವ ಹಾಗೆ ಹಾಕಿದೆ. ಅತ್ತೆ ವಾಕರ್ ದಬ್ಬುತ್ತ ಬಂದರು. ಅಭ್ಯಾಸಬಲದಿಂದ ನಾನು ಹೆಗಲು ಕೊಡಲು ಮುಂದೆ ಹೋದೆ. ಅವರು ನನ್ನ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಚಿಲಕ ಹಾಕಬೇಡಿ ಎಂದು ಹಿಂದಿನ ದಿನವಷ್ಟೇ ಹೇಳಿದ್ದೆ. ಹಾಕಿಕೊಂಡರು.

ನೀರು ಸುರಿಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ನಾನು ಬಾಗಿಲಿಗೆ ಕಿವಿ ಹತ್ತಿರ ಇಟ್ಟು ನಿಂತಿದ್ದೆ.

"ನೀನು ಅಲ್ಲೇ ನಿಂತಿದ್ದೀಯಾ?" ಎಂದು ಒಳಗಿನಿಂದ ಕೇಳಿದರು.

"ಇಲ್ಲ ಅತ್ತೆ," ಅಂದೆ.

"ಹಾಗಾದರೆ ಹೋಗು," ಅಂದರು. ನಾನು ಹೋಗಿ ಕಾಫಿಗೆ ಹಾಲು ಇಟ್ಟೆ.